ಒಂದು ನಿಮಿಷದ ಬೀಗ

ನನ್ನ ಹೆಂಡತಿ ಮಹಾದೇವಿಗೆ ಕಂಪ್ಯೂಟರ್ ಬರುವುದಿಲ್ಲ ಎಂದು ನಮ್ಮ ಬಳಗದವರೆಲ್ಲ ನಂಬಿದ್ದಾರೆ. ಅವಳೂ ನಂಬಿದ್ದಳು. ಅದು ಸುಳ್ಳು. ಆ ಸುಳ್ಳನ್ನು ಹುಟ್ಟಿಸಿದವನು ನಾನು. ಸುಳ್ಳೆಂದು ಗೊತ್ತಿದ್ದೂ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಅವಳ ಜೊತೆ ಸಂಸಾರ ಮಾಡಿದವನೂ ನಾನೇ.

ಆಗ ನಾನು ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರದ ಒಂದು ಒಣದ್ರಾಕ್ಷಿ ಕಂಪನಿಯಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ತಿಕೋಟಾದಲ್ಲಿ ಕಂಪನಿಯ ಶೀತಗೃಹ, ಬಬಲೇಶ್ವರದಲ್ಲಿ ರೈತರಿಂದ ಮಾಲು ತೆಗೆದುಕೊಳ್ಳುವ ಕಚೇರಿ. ಒಮ್ಮೆ ಮಾಲೀಕರು ತಿಕೋಟಾಕ್ಕೆ ಹೋದಾಗ ಅಲ್ಲಿನ ಗುಮಾಸ್ತ ಕಂಪ್ಯೂಟರನ್ನು ಹಾಗೇ ಬಿಟ್ಟು ಚಹಾಕ್ಕೆ ಹೋಗಿದ್ದನಂತೆ. ಬೇರೆ ಯಾರೋ ವ್ಯಾಪಾರಿ ಅದರ ಮುಂದೆ ನಿಂತು ನಮ್ಮ ದರಗಳನ್ನು ಆರಾಮಾಗಿ ಓದುತ್ತಿದ್ದನಂತೆ. ಮರುದಿನವೇ ನನಗೆ ಅಪ್ಪಣೆಯಾಯಿತು: ಯಾರೂ ಮುಟ್ಟದೆ ಬಿಟ್ಟ ಕಂಪ್ಯೂಟರ್ ತಾನಾಗಿಯೇ ಬೀಗ ಹಾಕಿಕೊಳ್ಳಬೇಕು, ಮೂರೂ ಕಡೆ. ನಾನು ವಿಜಯಪುರದಲ್ಲೇ ಕೂತು ಸರ್ವರ್‌ನಲ್ಲಿ ಹತ್ತು ನಿಮಿಷ ಎಂದು ಗೊತ್ತುಮಾಡಿದೆ. ಅಷ್ಟು ಹೊತ್ತು ಕೈ ಆಡಿಸದಿದ್ದರೆ ಪರದೆ ಮುಚ್ಚುತ್ತದೆ, ಪಾಸ್‌ವರ್ಡ್ ಕೊಟ್ಟರೆ ತೆರೆಯುತ್ತದೆ. ಮೂರು ಸಲ ತಪ್ಪಿದರೆ ಮಾತ್ರ ನನಗೇ ಫೋನ್ ಮಾಡಬೇಕು.

ಮೊದಲು ಫೋನ್ ಮಾಡಿದವಳು ಮಹಾದೇವಿ. ಸಾರವಾಡದಿಂದ ಬಸ್ಸಿನಲ್ಲಿ ಬಂದು ಬಬಲೇಶ್ವರದ ಕೌಂಟರಿನಲ್ಲಿ ಕೂರುತ್ತಿದ್ದ ಹೊಸ ಹುಡುಗಿ. ಅದುವರೆಗೆ ನಾನು ಅವಳ ಹೆಸರನ್ನಷ್ಟೇ ಕೇಳಿದ್ದೆ.

"ಸರ್, ನನ್ನ ಪರದೆ ಮುಚ್ಚೇತ್ರಿ. ನಾ ಅದಕ್ಕ ಏನೂ ಅಂದಿಲ್ರಿ."

ಏನೂ ಅಂದಿಲ್ಲ! ಕಂಪ್ಯೂಟರ್ ಮುನಿಸಿಕೊಂಡಿದೆ ಎನ್ನುವ ಹಾಗೆ. ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು. ಖಾತೆ ತೆರೆದುಕೊಟ್ಟೆ, ಎಲ್ಲಿ ತಪ್ಪಿದೆ ಎಂದು ಹೇಳಿಕೊಟ್ಟೆ. ಅವಳು ಒಂದೇ ಸಲಕ್ಕೆ ಕಲಿತಳು. ಆಮೇಲೆ ಫೋನ್ ಬರಲಿಲ್ಲ. ಆ ವಾರವೆಲ್ಲ ಫೋನ್ ಸದ್ದಾದಾಗಲೆಲ್ಲ ನಾನು... ಏನು ಹೇಳಲಿ, ಬೇರೆ ಯಾರದ್ದೋ ದನಿ ಕೇಳಿ ಸಪ್ಪಗಾಗುತ್ತಿದ್ದೆ.

ಹಾಗಾಗಿ ಒಂದು ಮಧ್ಯಾಹ್ನ ಸರ್ವರ್‌ನಲ್ಲಿ ಅವಳ ಕಂಪ್ಯೂಟರನ್ನಷ್ಟೇ ಬೇರೆ ಮಾಡಿ, ಹತ್ತು ಇದ್ದಲ್ಲಿ ಒಂದು ಎಂದು ಬರೆದೆ. ಇಷ್ಟೇ ನಾನು ಮಾಡಿದ್ದು. ಒಂದು ಸೊನ್ನೆ ಅಳಿಸಿದ್ದು.

ಕೌಂಟರಿನಲ್ಲಿ ಕೂತವರಿಗೆ ಒಂದು ನಿಮಿಷ ಎಂದರೆ ಏನು? ರೈತನೊಬ್ಬನ ಜೊತೆ ಎರಡು ಮಾತಾಡಿ, ಮಾಲು ಕೈಯಲ್ಲಿ ಹಿಡಿದು ನೋಡಿ ತಿರುಗುವಷ್ಟರಲ್ಲಿ ಪರದೆ ಮುಚ್ಚಿರುತ್ತಿತ್ತು. ಗಡಿಬಿಡಿಯಲ್ಲಿ ಪಾಸ್‌ವರ್ಡ್ ಮೂರು ಸಲವೂ ತಪ್ಪುತ್ತಿತ್ತು. ಮತ್ತೆ ನನಗೆ ಫೋನ್. ನಾನು ಬೇಕೆಂದೇ ನಿಧಾನವಾಗಿ ತೆರೆಯುತ್ತಿದ್ದೆ. ಆ ಸಂದಿನಲ್ಲಿ ಅವಳು ಮಾತಾಡುತ್ತಿದ್ದಳು: ಅಪ್ಪ ಹೊಸ ಟ್ರ್ಯಾಕ್ಟರನ್ನು ಯಾರಿಗೂ ಮುಟ್ಟಗೊಡದೆ ದಿನಾ ಒರೆಸುವುದು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಗೆಳತಿಯ ಜೊತೆ ಜಗಳ. ನಾನು ಕಂಪ್ಯೂಟರ್ ನೋಡುವ ನೆವದಲ್ಲಿ ಬಬಲೇಶ್ವರಕ್ಕೂ ಹೋಗತೊಡಗಿದೆ. ಅವಳು ರೊಟ್ಟಿ ಬುತ್ತಿ ಬಿಚ್ಚಿ, ಶೇಂಗಾ ಚಟ್ನಿ ನನ್ನ ಕಡೆ ಸರಿಸುತ್ತಿದ್ದಳು. ನಾನು ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಂತೆ ಮಾಡಿ, "ಹಳೀ ಮಷಿನ್ ಐತ್ರಿ, ಹಿಂಗ ಮಾಡತೈತಿ" ಎನ್ನುತ್ತಿದ್ದೆ.

ನನಗೆ ಅದು ಪ್ರೀತಿಯಾಗಿ ಕಂಡಿತ್ತು. ಅವಳಿಗೆ ಅದು ದಿನದಿನದ ಸೋಲಾಗಿತ್ತು—ಅದು ನನಗೆ ಕಾಣಲೇ ಇಲ್ಲ. ಅಥವಾ ಕಾಣುತ್ತಿತ್ತೇನೋ.

ದ್ರಾಕ್ಷಿಯ ಸುಗ್ಗಿ ಬಂತು. ಕೌಂಟರಿನ ಮುಂದೆ ರೈತರ ಸಾಲು, ಅವಳ ಪರದೆ ಮತ್ತೆ ಮತ್ತೆ ಮುಚ್ಚುತ್ತಿದೆ. ಬಬಲೇಶ್ವರದ ಮ್ಯಾನೇಜರ್ ಎಲ್ಲರಿಗೂ ಕೇಳುವಂತೆ ಅಂದರು: "ಎಲ್ಲಾರ ಕಂಪ್ಯೂಟರ್ ಛಲೋ ನಡದಾವ. ಇಕಿ ಕೈ ಹಚ್ಚಿದ್ದಷ್ಟ ಬಂದ್ ಬೀಳತೈತಿ."

ಸಂಜೆ ಇದನ್ನು ಅವಳೇ ಫೋನಿನಲ್ಲಿ ಹೇಳಿದಳು. ಅಳಲಿಲ್ಲ. "ಖರೇನ ಐತಿ ಬಿಡ್ರಿ ಸರ್. ಇದು ನನಗ ಬರಂಗಿಲ್ಲ" ಎಂದಳು.

ಆಗಲೇ ನಾನು ಹೇಳಬೇಕಿತ್ತು. ಹೇಳಲಿಲ್ಲ. ಸದ್ದಿಲ್ಲದೆ ಒಂದನ್ನು ಮತ್ತೆ ಹತ್ತು ಮಾಡಿದೆ. ಮರುದಿನದಿಂದ ಪರದೆ ಮುಚ್ಚುವುದು ನಿಂತಾಗ ಅವಳು, ಯಂತ್ರವನ್ನು ನಾನು ರಿಪೇರಿ ಮಾಡಿದೆನೆಂದು ತಿಳಿದು, "ನಿಮ್ಮಿಂದ ನನ್ನ ಮರ್ಯಾದಿ ಉಳೀತ್ರಿ" ಎಂದಳು. ಆ ಮಾತನ್ನೂ ಇಟ್ಟುಕೊಂಡೆ. ಮುಂದೆ ನಮ್ಮ ಮದುವೆಯೂ ಆಯಿತು.

ಮದುವೆಯಾದ ಮೇಲೆ ಮಾಲೀಕರು ಅವಳನ್ನು ಕರೆದು, ತಿಕೋಟಾದ ಶೀತಗೃಹದ ಉಸ್ತುವಾರಿ ನೋಡಿಕೊಳ್ಳುತ್ತೀಯಾ ಎಂದು ಕೇಳಿದರು. ರೈತರಿಗೆ ಅವಳ ಮೇಲೆ ವಿಶ್ವಾಸವಿತ್ತು, ಮಾಲು ಗೊತ್ತಿತ್ತು. ನಾನೂ ಅದೇ ಕೋಣೆಯಲ್ಲಿದ್ದೆ. "ಅಲ್ಲೆ ಎಲ್ಲಾ ಕಂಪ್ಯೂಟರ್ ಮ್ಯಾಲ ಐತ್ರಿ. ನನ್ನ ಕೈಲೆ ಆಗಂಗಿಲ್ರಿ" ಎಂದು ಅವಳು ಬೇಡವೆಂದಳು. ಮಾಲೀಕರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಪರದೆ ಮುಚ್ಚಿದ್ದಕ್ಕಿಂತ ಈ ನೆಲ ನೋಡಿದ್ದೇ ದೊಡ್ಡ ತಪ್ಪು. ಆ ಕೆಲಸ ಬೇರೆಯವರಿಗೆ ಹೋಯಿತು. ಮಗಳು ಹುಟ್ಟಿದ ಮೇಲೆ ಮಹಾದೇವಿ ಕೌಂಟರಿನ ಕೆಲಸವನ್ನೂ ಬಿಟ್ಟಳು.

ಈ ವರ್ಷ ಕನಮಡಿಯ ಕಡೆಯ ಬೆಳೆಗಾರರು ಸೇರಿ ತಿಕೋಟಾದಲ್ಲಿ ತಮ್ಮದೇ ಒಂದು ಸಣ್ಣ ಕಚೇರಿ ತೆರೆದರು. ಹಳೆಯ ಪರಿಚಯದ ರೈತರೊಬ್ಬರು ಫೋನ್ ಮಾಡಿ, "ನೀವ ಬಂದು ನಡಸ್ರಿ ತಂಗಿ" ಎಂದು ಕೇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ. "ಕಂಪ್ಯೂಟರ್ ನನ್ನ ಕೈಗೆ ಒಗ್ಗಂಗಿಲ್ರಿ ಅಣ್ಣಾರ" ಎಂದಳು. ಅದೇ ಮಾತು. ಅವಳು ಫೋನ್ ಇಟ್ಟ ಕೂಡಲೇ ನಾನು ಹೇಳಿಬಿಟ್ಟೆ—ಎಲ್ಲವನ್ನೂ, ಹಿಂದುಮುಂದಾಗಿ, ತೊದಲುತ್ತ.

ಅವಳು ಫೋನನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದಳು.

"ಎಲ್ಲಾರಿಗೂ ಹತ್ತು ನಿಮಿಷಾ?"

"ಹೂಂ."

"ನನಗಷ್ಟ ಒಂದು?"

"ಹೂಂ."

"ಮಾತಾಡಬೇಕು ಅನಿಸಿದ್ರ ಸುಮ್ನ ಫೋನ್ ಹಚ್ಚಬೇಕಿತ್ತಲ್ರಿ. ನಾ ಮಾತಾಡ್ತಿದ್ನಿ." ಆಮೇಲೆ ಹೇಳಿದಳು: "ಅಷ್ಟು ಮಂದಿ ಮುಂದ ತಲಿ ತಗ್ಗಿಸಿ ನಿಂತಿದ್ನಿ. ನಿಮಗ ಗೊತ್ತಿತ್ತು."

ಗೊತ್ತಿತ್ತು.

ಅವಳು ಎದ್ದು ಹೋಗಿ ಆ ರೈತರಿಗೆ ತಾನೇ ಫೋನ್ ಮಾಡಿದಳು. ಬರುತ್ತೇನೆ ಎಂದಳು. ನನ್ನನ್ನು ಕೇಳಲಿಲ್ಲ. ನಾನು ಬಬಲೇಶ್ವರಕ್ಕೆ ಹೋಗಿ, ಈಗ ನಿವೃತ್ತರಾಗಿರುವ ಆ ಮ್ಯಾನೇಜರರಿಗೆ ನಿಜ ಹೇಳಿ ಬಂದೆ. ಅವರು ನಕ್ಕರು, ನನಗೆ ನಗು ಬರಲಿಲ್ಲ. ಬಳಗದವರಿಗೆ ಹೇಳುವುದು ಉಳಿದಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈಗ ಅವಳು ಬೆಳಗಿನ ಬಸ್ಸಿಗೆ ತಿಕೋಟಾಕ್ಕೆ ಹೋಗುತ್ತಾಳೆ. ಮೊದಲಿನ ಹಾಗೆ ಮಾತಾಡುತ್ತಾಳೆ, ನಗುತ್ತಾಳೆ. ಆದರೆ ಒಮ್ಮೊಮ್ಮೆ ಮಾತಿನ ನಡುವೆ ನನ್ನನ್ನು ಹೊಸಬನಂತೆ ನೋಡುತ್ತಾಳೆ. ಕ್ಷಮಿಸಿದ್ದಾಳೋ ಇಲ್ಲವೋ—ಕೇಳಿಲ್ಲ, ಕೇಳುವುದಿಲ್ಲ.

ಮೊನ್ನೆ ಊಟಕ್ಕೆ ಕೂತಾಗ ಹೇಳಿದಳು: "ಇವತ್ತ ಬಂದ ಮಾಲೆಲ್ಲಾ ನಾನ ಕುಂತು ಕಂಪ್ಯೂಟರಿಗೆ ಹಾಕಿದ್ನಿ. ಯಾರನ್ನೂ ಕೇಳಲಿಲ್ಲ."

ನನ್ನ ಕಡೆ ನೋಡಿ ಹೇಳಲಿಲ್ಲ. ಮಗಳ ಕಡೆ ನೋಡಿ ಹೇಳಿದಳು. ನಾನು ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.