ತಿಮ್ಮೇಶನು ನೆಲ ನೋಡಿ ಬಂದದ್ದು

೧೯೯೬ರ ಆಗಸ್ಟ್ ತಿಂಗಳಲ್ಲಿ ಒಂದು ದಿನ, ಹಿರಿಯೂರಿನ ನಮ್ಮ ಶಾಲೆಯ ಒಂಬತ್ತನೆಯ ತರಗತಿಯಿಂದ ಊಟಕ್ಕೆಂದು ಹೋದ ಏಳು ಮಂದಿ ಹುಡುಗರು ಮರಳಿ ಬರಲಿಲ್ಲ. ಬಸ್ ನಿಲ್ದಾಣದ ಹಿಂದೆ ಹೊಸದಾಗಿ ವಿಡಿಯೋ ಗೇಮ್ ಅಂಗಡಿಯೊಂದು ತೆರೆದಿದೆ ಎಂದು ಕೇಳಿದ್ದೆ. ಬೆತ್ತ ಹಿಡಿದು ನೇರವಾಗಿ ಅಲ್ಲಿಗೇ ಹೋದೆ. ಪರದೆ ಸರಿಸಿ ನೋಡಿದರೆ ಹುಡುಗರ ಸುಳಿವಿಲ್ಲ. ಮರದ ಪೆಟ್ಟಿಗೆಯೊಂದರ ಹಿಂಭಾಗದಿಂದ ಎರಡು ಕಾಲುಗಳು ಮಾತ್ರ ಕಾಣುತ್ತಿದ್ದವು. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಇಪ್ಪತ್ತೈದು ವರ್ಷದ ಯುವಕನೊಬ್ಬನು ಹೊರಗೆ ಬಂದನು.

“ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ನಿಮ್ ಹುಡುಗ್ರನ್ನ ಹುಡುಕ್ತಿದೀರೇನು? ಬಂದಿದ್ರು, ಓಡಿಸ್ದೆ. ಸ್ಕೂಲ್ ಬಿಡೋಗಂಟ ನನ್ ಅಂಗ್ಡಿಗೆ ಬರಂಗಿಲ್ಲ. ಎದುರು ಹೋಟ್ಲಾಗೆ ಏಳು ಜನಕ್ಕೆ ಎರಡು ಟೀ ತಗಂಡು, ಗಡಿಯಾರ ನೋಡ್ಕಂಡ್ ಕುಂತವ್ರೆ, ಹೋಗಿ ಹಿಡ್ಕಳ್ರಿ.”

ಹೋಗಿ ಹಿಡಿದೆ. ತಿಮ್ಮೇಶನ ಪರಿಚಯವಾದದ್ದು ಹೀಗೆ.

ಅವನ ಊರು ಐಮಂಗಲದ ಹತ್ತಿರ. ತಲೆತಲಾಂತರದಿಂದ ಕುರಿ ಸಾಕುವ ಮನೆತನ. ತಂದೆ ಓಬಣ್ಣ, ತಾಯಿ ಏಕನಾಥಮ್ಮ, ಅಣ್ಣ ಗೊಲ್ಲಪ್ಪ. ತಿಮ್ಮೇಶನಿಗೆ ಮಾತ್ರ ಕುರಿಯ ಮೇಲೆ ಮನಸ್ಸು ನಿಲ್ಲಲಿಲ್ಲ. ಹದಿನೈದನೆಯ ವಯಸ್ಸಿನಲ್ಲಿ ಕುರಿ ಕಾಯಲು ಹೋಗಿ, ಬೇವಿನ ಮರದ ಕೆಳಗೆ ಹಳೆಯ ರೇಡಿಯೋ ಬಿಚ್ಚಿಕೊಂಡು ಕುಳಿತನಂತೆ. ಅಷ್ಟರಲ್ಲಿ ಇಡೀ ಹಿಂಡು ಇನ್ನೊಬ್ಬರ ಶೇಂಗಾ ಹೊಲವನ್ನು ಮೇಯ್ದು ಮುಗಿಸಿತ್ತು. ಆ ದಿನದಿಂದ ಓಬಣ್ಣನವರು ಅವನನ್ನು ಯಾವ ಮುಖ್ಯ ಕೆಲಸಕ್ಕೂ ಕಳಿಸಿದವರಲ್ಲ. ಅವನು ರೇಡಿಯೋ, ಟಿ.ವಿ. ರಿಪೇರಿ ಕಲಿತನು, ಹಳೆಯ ಟಿ.ವಿ.ಗಳಿಗೆ ಮರದ ಪೆಟ್ಟಿಗೆ ಕಟ್ಟಿಸಿ ಗೇಮ್ ಯಂತ್ರ ಮಾಡುವುದನ್ನೂ ಕಲಿತನು. ಅಂಗಡಿ ತೆರೆದ ನಾಲ್ಕು ವರ್ಷಗಳಲ್ಲಿ ಹೊಸದುರ್ಗಕ್ಕೂ ಹೊಳಲ್ಕೆರೆಗೂ ಚಿತ್ರದುರ್ಗಕ್ಕೂ ಅವನ ಯಂತ್ರಗಳೇ ಹೋಗುತ್ತಿದ್ದವು.

ತಂದೆಗೆ ಅದು ಕಸುಬೆಂದು ತೋರಲೇ ಇಲ್ಲ. “ಹುಡುಗ್ರು ಆಡೋದನ್ನ ಕಾಯ್ಕಂಡ್ ಕೂರೋದೂ ಒಂದು ಕೆಲ್ಸ ಏನಲೇ? ಕುರಿ ಕಾದ್ರೆ ಉಣ್ಣೆನಾದ್ರೂ ಬರ್ತೈತೆ” ಎಂದು ನನ್ನ ಎದುರಿಗೇ ಹೇಳಿದ್ದರು. ತಿಮ್ಮೇಶನು ನಕ್ಕುಬಿಟ್ಟನು. ಆದರೆ ಮಾತು ಒಳಗೆ ನಾಟಿತ್ತೆಂಬುದು ನನಗೆ ಆಮೇಲೆ ತಿಳಿಯಿತು.

೨೦೦೦ದ ಕೊನೆಯಲ್ಲಿ ಅವನು ನನ್ನ ಮನೆಗೆ ಬಂದು ಒಂದು ಬಣ್ಣದ ಹಾಳೆಯನ್ನು ಮೇಜಿನ ಮೇಲೆ ಹರಡಿದನು. ಯಂತ್ರದ ಬಿಡಿಭಾಗ ಮಾರುವ ಬೆಂಗಳೂರಿನ ವ್ಯಾಪಾರಿಯೊಬ್ಬರು ಕೊಟ್ಟದ್ದು. ಸಿಂಗಪುರದಲ್ಲಿ ಐದು ಅಂತಸ್ತಿನ ಕಟ್ಟಡವಂತೆ, ಇಡೀ ಕಟ್ಟಡವೇ ವಿಡಿಯೋ ಗೇಮ್ ಪಾರ್ಕ್ ಅಂತೆ.

“ಮೇಷ್ಟ್ರೇ, ಎಲ್ರೂ ಹೋಗಾಣ ಅಂತ. ನಾನು, ಚೈತ್ರಾ, ಎರಡು ಮಕ್ಳು, ಅಪ್ಪ. ಅಪ್ಪ ಒಂದ್ಸಲ ನೋಡ್ಬೇಕು, ನನ್ ಕಸುಬು ಎಲ್ಲಿಗಂಟ ಐತೆ ಅಂತ. ಅಷ್ಟೇ ನನ್ ಆಸೆ. ಪಾಸ್‌ಪೋರ್ಟಿನ ಅರ್ಜಿ ನೀವು ಬರ್ದುಕೊಡ್ಬೇಕು.”

ಸೈಟು ಕೊಳ್ಳಲು ಕೂಡಿಟ್ಟಿದ್ದ ಹಣವನ್ನೇ ಇದಕ್ಕೆ ಹಾಕುವುದೆಂದು ಅವನೂ ಹೆಂಡತಿ ಚೈತ್ರಾಳೂ ತೀರ್ಮಾನಿಸಿದ್ದರು.

ಮುಂದಿನ ಭಾನುವಾರ ಅರ್ಜಿಗಳನ್ನು ತೆಗೆದುಕೊಂಡು ಅವರ ಊರಿಗೆ ಹೋದೆ. ಮನೆಯಲ್ಲಿ ಆಗಲೇ ಸಿದ್ಧತೆ ನಡೆದಿತ್ತು. ಏಕನಾಥಮ್ಮನವರು ಹುರಿಹಿಟ್ಟು ಎಷ್ಟು ಸೇರು ಬೇಕಾದೀತೆಂದು ಚೈತ್ರಾಳೊಡನೆ ಲೆಕ್ಕ ಹಾಕುತ್ತಿದ್ದರು.

“ಇಮಾನದಾಗೆ ಕಂಬ್ಳಿ ಹಾಸ್ಕಂಡ್ ಮಲಗಾಕೆ ಬಿಡ್ತಾರೇನ್ರಿ ಮೇಷ್ಟ್ರೇ?” ಎಂದು ಕೇಳಿದರು.

“ಕೂತೇ ಹೋಗಬೇಕಮ್ಮ. ನೀವೂ ಹೊರಡಬಾರದೆ?”

“ಕುರಿ ಈಯೋ ಕಾಲದಾಗೆ ನಾನೆಲ್ಲಿಗೆ ಬರ್ಲಿ? ಮರಿ ಹಾಕೋ ಕುರಿಗೆ ಹೇಳಿ ಬರ್ಲೇನು, ತಡಿಯಮ್ಮ, ಸಿಂಗಾಪುರಕ್ ಹೋಗಿ ಬರ್ತೀನಿ ಅಂತ?”

ಎಲ್ಲರೂ ನಕ್ಕರು. ಅರ್ಜಿಗಳನ್ನು ಬರೆದು ಮುಗಿಸಿ, ಓಬಣ್ಣನವರ ಮುಂದೆ ಇಂಕಿನ ಪ್ಯಾಡ್ ಇಟ್ಟೆ. ಅವರು ಹೆಬ್ಬೆರಳನ್ನು ಎತ್ತಿದವರು ಹಾಗೆಯೇ ನಿಲ್ಲಿಸಿದರು.

“ಒಂದ್ ಮಾತು ಮೇಷ್ಟ್ರೇ. ನೆಲ ನೋಡಿ ಬಂದೋರು ಯಾರು?”

ನನಗೆ ಅರ್ಥವಾಗಲಿಲ್ಲ. ಗೊಲ್ಲಪ್ಪನು ವಿವರಿಸಿದನು. ಪ್ರತಿ ವರ್ಷ ಸುಗ್ಗಿಯ ನಂತರ ಅವರು ಹಿಂಡನ್ನು ದೂರದ ಊರುಗಳಿಗೆ ಹೊಡೆದುಕೊಂಡು ಹೋಗುತ್ತಾರೆ. ಅದಕ್ಕೆ ಮೊದಲು ಒಬ್ಬನು ಒಂಟಿಯಾಗಿ ಹೋಗಿ, ಮೇವೆಲ್ಲಿದೆ, ನೀರೆಲ್ಲಿದೆ, ಕುರಿ ನಿಲ್ಲಿಸಲು ಯಾವ ರೈತ ಒಪ್ಪುತ್ತಾನೆ ಎಂಬುದನ್ನು ನೋಡಿ ಬರುತ್ತಾನೆ. ಅವನು ಬಂದು ಹೇಳುವವರೆಗೆ ಹಿಂಡು ಹೆಜ್ಜೆ ಕೀಳುವುದಿಲ್ಲ.

“ಅಪ್ಪ, ಇದು ಕುರಿ ಹೊಡ್ಕಂಡ್ ಹೋಗೋದಲ್ಲ. ಟಿಕೇಟು, ಹೋಟ್ಲು, ಎಲ್ಲಾ ಅವ್ರೇ ನೋಡ್ಕಂತಾರೆ” ಎಂದನು ತಿಮ್ಮೇಶ.

“ನೋಡ್ಕಳೋರು ನಿಂಗೆ ಗೊತ್ತೇನಲೇ? ಹೆಣ್ಮಗಳು, ಎಳೇ ಮಕ್ಳು ಬರ್ತಾವೆ. ಮೊದ್ಲು ನೀನ್ ಹೋಗಿ ನೆಲ ನೋಡ್ಕಂಡ್ ಬಾ. ಆಮ್ಯಾಲೆ ಹೆಬ್ಬೆಟ್ಟು.”

ತಿಮ್ಮೇಶನ ಮುಖ ಕಪ್ಪಿಟ್ಟಿತು. ಎದ್ದು ಹೊರಗೆ ಹೋಗಿ ಕುರಿದೊಡ್ಡಿಯ ಬೇಲಿಯ ಬಳಿ ನಿಂತನು. ನಾನೂ ಹಿಂದೆ ಹೋದೆ. “ಬರಲ್ಲ ಅಂತ ನೇರಾಗೆ ಹೇಳ್ಬೌದಿತ್ತಲ್ಲ ಮೇಷ್ಟ್ರೇ, ಇದೊಂದು ನೆಪ” ಎಂದನು. ನನಗೂ ಹಾಗೆಯೇ ಅನ್ನಿಸಿತ್ತು.

ಅಷ್ಟರಲ್ಲಿ ಏಕನಾಥಮ್ಮನವರು ಬಂದರು. “ಯಾಕ್ಲಾ ಮಖ ಊದಿಸ್ಕಂಡಿದೀಯ? ಇಷ್ಟ್ ವರ್ಸದಾಗೆ ನಿಮ್ಮಪ್ಪ ಗೊಲ್ಲಪ್ಪನ್ನ ಬಿಟ್ಟು ಯಾರನ್ನಾರ ನೆಲ ನೋಡಾಕೆ ಕಳ್ಸೈತೇನು? ನಿನ್ನನ್ನ ಒಂದ್ ದಿನಾನಾದ್ರೂ ಕಳ್ಸಿತ್ತಾ? ಇವತ್ತು ಹೋಗು ಅಂತು. ದಡ್ಡ ಮುಂಡೇದೇ, ಅದು ನಿಂಗೆ ಬೈದಿದ್ದು ಅನ್ಕಂಡಿದೀಯ!”

ಅವನು ಒಳಗೆ ಹೋಗಿ, ತನ್ನ ಒಬ್ಬನ ಅರ್ಜಿಯನ್ನು ಮಾತ್ರ ತಂದು ನನ್ನ ಕೈಗಿಟ್ಟನು.

ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಆ ವ್ಯಾಪಾರಿಯೇ ಬಿಡಿಭಾಗ ತರಲು ಸಿಂಗಪುರಕ್ಕೆ ಹೊರಟಿದ್ದರು. ತಿಮ್ಮೇಶನೂ ಜೊತೆಗೆ ಹೋಗಿ, ಆರನೆಯ ದಿನಕ್ಕೆ ಹಿಂದಿರುಗಿದನು. ಅಂದು ಸಂಜೆ ನನ್ನನ್ನೂ ಕರೆಸಿದ್ದರು. ಜಗಲಿಯ ಮೇಲೆ ತಂದೆಯ ಎದುರಿಗೆ ಅವನನ್ನು ಕೂರಿಸಿ, ಕುಡಿಯಲು ನೀರು ಕೊಟ್ಟರು. ಆಮೇಲೆ ಓಬಣ್ಣನವರು ಕೇಳಲಾರಂಭಿಸಿದರು.

“ನೀರು?”

“ನಲ್ಲಿ ನೀರೇ ಕುಡೀಬೌದು. ಎಲ್ಲಾ ಕಡೆ ಐತೆ.”

“ನೆರಳು?”

“ಎಲ್ಲಾ ನೆರಳೇ. ಒಳಗೆ ಬಿಸ್ಲೇ ಬೀಳಲ್ಲ.”

“ಕುಂತ್ಕಳಾಕೆ?”

ಇಲ್ಲಿ ಅವನು ತಡವರಿಸಿದನು. ನಾಲ್ಕೈದು ವರ್ಷ ಮನಸ್ಸಿನಲ್ಲಿಟ್ಟುಕೊಂಡ ಆಸೆ, ಒಂದು ‘ಐತೆ’ ಎಂದಿದ್ದರೆ ಕೈಗೂಡುತ್ತಿತ್ತು. ಪರೀಕ್ಷಿಸಿ ನೋಡುವವರು ಅಲ್ಲಿ ಯಾರೂ ಇರಲಿಲ್ಲ.

“ಇಲ್ಲಪ್ಪ. ಒಂದೊಂದು ಆಟಕ್ಕೆ ಮುಕ್ಕಾಲು ಗಂಟೆ ಸಾಲಿನಾಗೆ ನಿಂತ್ಕಬೇಕು. ನಿನ್ ಮೊಣಕಾಲಿಗೆ ಆಗಲ್ಲ. ಕುಂತ್ಕಳೋ ಆಟದಾಗೆ ಕುರ್ಚಿನೇ ಎತ್ತೆತ್ತಿ ಕುಕ್ಕುತೈತೆ. ಒಳಗೆಲ್ಲಾ ಕತ್ಲು, ಲೈಟು ಕಣ್ಣಿಗೆ ಹೊಡೀತಾವೆ. ನಿಂಗೆ ಆ ನೆಲ ಆಗಲ್ಲ.”

“ಚೈತ್ರಾಗೆ? ಮಕ್ಳಿಗೆ?”

“ಅವ್ರಿಗೆ ಬೋ ಚೆನ್ನಾಗೈತೆ.”

“ಅಂಗಾರೆ ಅವ್ರನ್ನ ಕರ್ಕಂಡ್ ಹೋಗು. ನಾನು ಮಂದೆತಾವ ಇರ್ತೀನಿ.”

ತಿಮ್ಮೇಶನು ತಲೆ ತಗ್ಗಿಸಿದನು. ಓಬಣ್ಣನವರು ಎಲೆ ಅಡಿಕೆ ಹಾಕಿಕೊಂಡು ಮತ್ತೆ ಕೇಳಿದರು.

“ಅಷ್ಟೊಂದು ಮಿಸನ್ನು ಅವೆ ಅಂತೀಯ. ಕೆಟ್ರೆ?”

“ನನ್ನಂಥೋರೇ ರಿಪೇರಿ ಮಾಡ್ತಾರೆ. ಒಬ್ಬಾತ ಮಿಸನ್ನಿನ ಹಿಂದ್ಗಡೆ ಕೈ ಹಾಕ್ಕಂಡ್ ಕುಂತಿದ್ದ. ಸೂಟು ಬೂಟಿನೋರು, ಮುದುಕ್ರು, ಒಂದ್ ಮೂವತ್ ಜನ ಅವ್ನು ಏಳಲಿ ಅಂತ ಸುಮ್ಕೆ ನಿಂತಿದ್ರು.”

“ಸೂಟು ಬೂಟಿನೋರು? ನಿಂತಿದ್ರಾ?”

“ಊಂ ಅಪ್ಪ. ಯಾರೂ ಒಂದ್ ಮಾತು ಆಡ್ಲಿಲ್ಲ.”

ಓಬಣ್ಣನವರು ಮಗನ ಕೈಗಳನ್ನು ಒಮ್ಮೆ ನೋಡಿದರು. ಆಮೇಲೆ ಹಿರಿಯ ಮಗನ ಕಡೆ ತಿರುಗಿ, “ಗೊಲ್ಲಪ್ಪ, ಬರೋ ಸುಗ್ಗಿಗೆ ಹೊಳಲ್ಕೆರೆ ಕಡೆ ನೆಲ ನೋಡಾಕೆ ತಿಮ್ಮ ಹೋಗ್ಲಿ. ಇರೋದನ್ನ ಇದ್ದಂಗೆ ಹೇಳ್ತಾನೆ” ಎಂದರು. “ಸದ್ಯ, ನನ್ ಕಾಲಿಗೆ ರಜಾ ಸಿಕ್ತು” ಎಂದು ಗೊಲ್ಲಪ್ಪನು ನಕ್ಕನು. ತಿಮ್ಮೇಶನು ಮಾತ್ರ ಮುಖ ತೊಳೆದು ಬರುತ್ತೇನೆಂದು ಹಿತ್ತಲಿಗೆ ಹೋದವನು ಬೇಗ ಬರಲಿಲ್ಲ.

ಮೇ ತಿಂಗಳಲ್ಲಿ ಗಂಡ, ಹೆಂಡತಿ, ಮಕ್ಕಳು ಸಿಂಗಪುರಕ್ಕೆ ಹೋಗಿ ಬಂದರು. ಯಾವ ಆಟಕ್ಕೆ ಎಷ್ಟು ಹೊತ್ತಿಗೆ ಹೋದರೆ ಸಾಲು ಚಿಕ್ಕದು, ಯಾವ ಮೂಲೆಯಲ್ಲಿ ಬುತ್ತಿ ಬಿಚ್ಚಬಹುದು, ಎಲ್ಲವೂ ತಿಮ್ಮೇಶನಿಗೆ ಮೊದಲೇ ಗೊತ್ತಿತ್ತು. ಕಾರು ಓಡಿಸುವ ಆಟದಲ್ಲಿ ಚೈತ್ರಾಳೇ ಗಂಡನನ್ನು ಸೋಲಿಸಿದಳಂತೆ. ಇದನ್ನು ಅವಳೇ ಬಂದು ನನಗೆ ಎರಡು ಸಲ ಹೇಳಿದಳು.

ಆ ಸುಗ್ಗಿಯಿಂದ ನೆಲ ನೋಡುವ ಕೆಲಸ ಅವನದೇ ಆಯಿತು. ಮನೆಮನೆಗೆ ಕಂಪ್ಯೂಟರ್ ಬಂದ ಮೇಲೆ, ೨೦೦೬ರಲ್ಲಿ ಗೇಮ್ ಅಂಗಡಿ ಮುಚ್ಚಿತು. ಅವನು ಕೊರಗಲಿಲ್ಲ. ಈಗ ಅದೇ ಜಾಗದಲ್ಲಿ ತೂಕದ ಎಲೆಕ್ಟ್ರಾನಿಕ್ ಯಂತ್ರಗಳನ್ನೂ ಪಂಪ್‌ಸೆಟ್ಟಿನ ಸ್ಟಾರ್ಟರ್‌ಗಳನ್ನೂ ರಿಪೇರಿ ಮಾಡುತ್ತಾನೆ. ಮೊನ್ನೆ ನನ್ನ ಮನೆಯ ಮಿಕ್ಸಿಯನ್ನು ಕೊಡಲು ಹೋದಾಗ ಅಂಗಡಿಗೆ ಬೀಗ ಹಾಕಿತ್ತು. ಮೊಬೈಲಿಗೆ ಕರೆ ಮಾಡಿದೆ. ಮತ್ತೋಡಿನ ಹತ್ತಿರ, ರಾಗಿ ಕೊಯ್ದ ಹೊಲವೊಂದರ ಬದುವಿನ ಮೇಲೆ ನಿಂತಿದ್ದನು.

“ನಾಳಿದ್ದು ಬರ್ತೀನಿ ಮೇಷ್ಟ್ರೇ. ಇಲ್ಲಿ ಮೇವು ಐತೆ, ಕೆರೆಯಾಗೆ ನೀರು ಸಾಲಲ್ಲ. ಇನ್ನೂ ಎರಡು ಊರು ಮುಂದಕ್ ಹೋಗಿ ನೋಡ್ಬೇಕು. ಅಪ್ಪ ಕಾಯ್ತಾ ಐತೆ.”