ಮಗಳ ಸಿಟ್ಟು, ನನ್ನ ಸಿಟ್ಟು

ಮಗಳು ಒಂಬತ್ತನೇ ಕ್ಲಾಸಿಗೆ ಬಂದ ವರ್ಷ ವಿಜಯನಗರದ ನಮ್ಮ ಮನೆಯಲ್ಲಿ ಯಾವಾಗ ನಗಬೇಕು, ಯಾವಾಗ ಸುಮ್ಮನಿರಬೇಕು ಎಂಬುದೇ ತಿಳಿಯದಂತಾಗಿತ್ತು. ಬೆಳಿಗ್ಗೆ ಹಾಡು ಗುನುಗುತ್ತ ಜಡೆ ಹಾಕಿಸಿಕೊಂಡು ಹೋದವಳು ಸಂಜೆ ಬಂದಾಗ, ‘ತಿನ್ನೋಕೆ ಏನ್ ಕೊಡ್ಲಿ?’ ಎಂದು ಕೇಳಿದ್ದಕ್ಕೇ ಕೋಣೆಯ ಬಾಗಿಲನ್ನು ಧಡಾರನೆ ಹಾಕಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಏನೂ ಆಗದವಳಂತೆ ಬಂದು ಸೋಫಾದಲ್ಲಿ ನನಗೊರಗಿ ಕೂರುತ್ತಿದ್ದಳು. ‘ವಯಸ್ಸು ಕಣೇ, ಬಿಡು’ ಎನ್ನುತ್ತಿದ್ದರು ನನ್ನ ಗಂಡ. ಬಿಡಲು ನನಗಾಗುತ್ತಿರಲಿಲ್ಲ. ಅವಳು ಒಂದು ಮಾತೆಂದರೆ ನಾನು ನಾಲ್ಕು ಆಡುತ್ತಿದ್ದೆ.

ಅವರೆಕಾಯಿ ಕಾಲ. ಭಾನುವಾರ ಇಬ್ಬರೂ ನಡುಮನೆಯಲ್ಲಿ ಕೂತು ನೆನೆಸಿದ ಕಾಳು ಹಿಸುಕುತ್ತಿದ್ದೆವು. ಅವಳು ತನ್ನ ಮೇಷ್ಟರೊಬ್ಬರ ಮಾತಿನ ಧಾಟಿಯನ್ನು ಅಣಕಿಸಿ ನಗಿಸುತ್ತಿದ್ದಳು. ‘ಕೂದ್ಲು ಸ್ವಲ್ಪ ಹಿಂದಕ್ಕೆ ಕಟ್ಕೋ, ಪಾತ್ರೆಗೆ ಬೀಳತ್ತೆ’ ಎಂದೆ, ಅಷ್ಟೆ. ಪಾತ್ರೆ ತಳ್ಳಿಬಿಟ್ಟಳು. ಕಾಳೆಲ್ಲ ನೆಲದ ಪಾಲು. ನಾನು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು.

‘ಯಾಕೆ ಹಿಂಗಾಡ್ತೀನಿ ಅಂತ ನಂಗೇ ಗೊತ್ತಾಗಲ್ಲಮ್ಮ. ಆಮೇಲೆ ನಂಗೂ ಬೇಜಾರಾಗತ್ತೆ.’

ನನ್ನ ಸಿಟ್ಟು ಜರ್ರನೆ ಇಳಿದುಹೋಯಿತು. ನಾನು ಹಠ ಅಂದುಕೊಂಡಿದ್ದು ಹಠವಾಗಿರಲಿಲ್ಲ.

ಮಾರನೆಯ ದಿನ ಬಸವೇಶ್ವರನಗರದಲ್ಲಿ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ನನ್ನನ್ನು ಹೊರಗೆ ಕೂರಿಸಿ ಅವಳೊಬ್ಬಳ ಜೊತೆ ಮಾತಾಡಿದರು. ಆಮೇಲೆ ನನ್ನನ್ನೂ ಒಳಗೆ ಕರೆದರು.

‘ಈ ವಯಸ್ನಲ್ಲಿ ಮನಸ್ಸು ಏರುಪೇರಾಗೋದು ಸಹಜ. ಮೊಬೈಲ್ ನಡುಮನೇಲಿಟ್ಟು ಬೇಗ ಮಲಗ್ಲಿ, ಹೊತ್ತಿಗೆ ಸರಿಯಾಗಿ ಊಟ ಮಾಡ್ಲಿ. ವಾರಗಟ್ಟಲೆ ಮಂಕಾಗೇ ಇದ್ರೆ ಮಾತ್ರ ತಡ ಮಾಡ್ಬೇಡಿ, ಕರ್ಕೊಂಡ್ ಬನ್ನಿ. ಅಂದ ಹಾಗೆ, ಮನೇಲಿ ಇನ್ಯಾರಿಗಾದ್ರೂ ಹಿಂಗೆ ಪಟ್ ಅಂತ ಸಿಟ್ಟು ಬರತ್ತಾ?’

ಮಗಳು ನನ್ನತ್ತ ಬೆರಳು ತೋರಿಸಿದಳು. ‘ಅಮ್ಮಂಗೆ ನನಗಿಂತ ಜಾಸ್ತಿ, ಆಂಟಿ. ಚಳೀಲೂ ಫ್ಯಾನ್ ಹಾಕ್ತಾರೆ.’

ನನಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. ಮುಟ್ಟು ನಿಲ್ಲುವ ಹೊತ್ತಿನ ನನ್ನ ಮೈಉರಿ, ಬಾರದ ನಿದ್ದೆ, ಎಲ್ಲವನ್ನೂ ಅಲ್ಲೇ ಮೊದಲ ಸಲ ಹೇಳಿಕೊಂಡೆ. ಮಗಳು ಬಾಯಿಬಿಟ್ಟುಕೊಂಡು ಕೇಳಿದಳು. ‘ಒಬ್ರಿಗೆ ಶುರು, ಒಬ್ರಿಗೆ ಮುಗಿಯೋ ಹೊತ್ತು. ಇರೋದು ಒಂದೇ ಅಡುಗೆಮನೆ!’ ಎಂದು ಡಾಕ್ಟರು ನಕ್ಕರು.

ಬರುವಾಗ ಮಸಾಲೆಪುರಿ ಗಾಡಿಯ ಮುಂದೆ ನಿಂತು ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಯಾರಿಗೆ ತಲೆ ಕೆಡುತ್ತಿದೆಯೋ ಅವರು ಮೊದಲೇ ‘ಇವತ್ತು ನಂದು’ ಅನ್ನಬೇಕು. ಇನ್ನೊಬ್ಬರು ಕೆಣಕಬಾರದು, ಕಾರಣವನ್ನೂ ಕೇಳಬಾರದು. ತಣ್ಣಗಾದ ಮೇಲೆ ಹೇಳಬೇಕೆನಿಸಿದರೆ ಅವರೇ ಹೇಳಲಿ.

ಬಾಗಿಲಿನ ಸದ್ದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ನಾನು ಡಾಕ್ಟರು ಬರೆದುಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೊನ್ನೆ ಮಗಳು ಸ್ಕೂಲಿನಿಂದ ಬಂದವಳೇ ಕೇಳಿದಳು: ‘ಅಮ್ಮ, ನನ್ ಫ್ರೆಂಡೊಬ್ಳು ಕ್ಲಾಸಲ್ಲಿ ಸುಮ್ಸುಮ್ನೆ ಅಳ್ತಾಳೆ. ಮನೇಲಿ ನಾಟಕ ಅಂತಾರಂತೆ. ಶನಿವಾರ ಕರ್ಕೊಂಡ್ ಬರ್ಲಾ?’

ಆ ಹುಡುಗಿ ಬಂದಳು. ಇಬ್ಬರೂ ಟೆರೇಸಿನಲ್ಲಿ ಕೂತು ಬಹಳ ಹೊತ್ತು ಮಾತಾಡಿದರು. ನಾನು ಮೇಲೆ ಹೋಗಲಿಲ್ಲ. ಹೊರಡುವಾಗ ಅವಳು ಚಪ್ಪಲಿ ಮೆಟ್ಟುತ್ತ, ‘ಆಂಟಿ, ಮುಂದಿನ ವಾರನೂ ಬರ್ತೀನಿ’ ಎಂದು ನಕ್ಕು ಮೆಟ್ಟಿಲಿಳಿದಳು.