ಹದಿಮೂರು ವರ್ಷ ತಾಳಿದ ಮೂಳೆ

ಹದಿಮೂರು ವರ್ಷಗಳ ಹಿಂದೆ, ಆಷಾಢದ ಒಂದು ಬೆಳಿಗ್ಗೆ ಹೂಟಗಳ್ಳಿ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದವಳು ಬಲಗಾಲು ಊರಲಾಗದೆ ಕುಸಿದು ಕುಳಿತೆ. ಆಗ ನಾನು ಮೂವತ್ತನಾಲ್ಕು ವರ್ಷದ ಕಂಡಕ್ಟರ್. ನಿಂತೇ ಮಾಡುವ ಕೆಲಸ. ಸೊಂಟದ ನೋವನ್ನು ಆರು ತಿಂಗಳು ಮಾತ್ರೆಯಲ್ಲೇ ತಳ್ಳಿದ್ದೆ.

ಸ್ಕ್ಯಾನ್ ನೋಡಿದ ಮೂಳೆ ಡಾಕ್ಟರು ಸುತ್ತಿಬಳಸಿ ಮಾತಾಡಲಿಲ್ಲ. ಸೊಂಟದ ಕೀಲಿನಲ್ಲಿ ಕೂರುವ ತೊಡೆಮೂಳೆಯ ಗುಂಡು ರಕ್ತ ಸಿಗದೆ ಸಾಯುತ್ತಿದೆ, ಉಬ್ಬಸಕ್ಕೆಂದು ವರ್ಷಗಟ್ಟಲೆ ನುಂಗಿದ ಸ್ಟಿರಾಯ್ಡ್ ಕಾರಣವಿರಬಹುದು ಎಂದರು.

"ಗುಂಡು ಇನ್ನೂ ಕುಸಿದಿಲ್ಲ. ನಿಮ್ಮ ಕಾಲಿಂದಲೇ ಮೂಳೆ ತೆಗೆದು ಅಲ್ಲಿ ಕೂರಿಸ್ತೀನಿ. ಎಷ್ಟು ವರ್ಷ ತಾಳುತ್ತೆ ಅಂತ ಮಾತ್ರ ಕೇಳ್ಬೇಡಿ. ಕುಸಿದ್ರೆ ಕೃತಕ ಕೀಲೇ ಗತಿ."

ಆಪರೇಷನ್ನಿಗೆ ಮುಂಚಿನ ಸೋಮವಾರ ಗಂಡನ ಹೆಗಲು ಹಿಡಿದು ನಂಜನಗೂಡಿಗೆ ಹೋದೆ. "ನಂಜುಂಡಪ್ಪ, ಈ ಮೂಳೆಯನ್ನು ಹತ್ತು ವರ್ಷ ಉಳಿಸು" ಎಂದು ಬೇಡಿಕೊಂಡೆ. ಅದಕ್ಕಿಂತ ಹೆಚ್ಚು ಕೇಳಲು ಧೈರ್ಯವಿರಲಿಲ್ಲ.

ಆಸ್ಪತ್ರೆಯಲ್ಲಿ ಪಕ್ಕದ ಮಂಚ ಕೆಸರೆಯ ಜಯಮ್ಮನವರದು. ಅದೇ ಕಾಯಿಲೆ, ಅದೇ ಆಪರೇಷನ್, ಹರಕೆಯೂ ಅದೇ ದೇವರಿಗೆ. ಇಬ್ಬರೂ ತಿಂಗಳುಗಟ್ಟಲೆ ಊರುಗೋಲಿನಲ್ಲಿ ಕಳೆದೆವು. ಎಂಟನೇ ತಿಂಗಳಿಗೆ ನಾನು ಬಸ್ಸಿಗೆ ಮರಳಿದೆ. ಅವರ ಮೂಳೆ ಮಾತ್ರ ಮೂರನೇ ವರ್ಷ ಕುಸಿಯಿತು. ಕೃತಕ ಕೀಲು ಹಾಕಿದರು. ಸುದ್ದಿ ಕೇಳಿ ನನ್ನ ನಂಬಿಕೆಯೇ ಅಲುಗಿತು. ಅವರೇನು ನನಗಿಂತ ಕಡಿಮೆ ಬೇಡಿದ್ದರೇ? ಆಮೇಲೆ ಸೋಮವಾರಗಳಂದು ನಂಜನಗೂಡಿಗೆ ಹೋಗುವುದನ್ನೇ ನಿಲ್ಲಿಸಿದೆ.

ಕಳೆದ ಶ್ರಾವಣದಲ್ಲಿ ಮತ್ತೆ ಸೊಂಟ ಹಿಡಿದುಕೊಂಡಿತು. ಬೇಡಿದ ವರ್ಷಗಳು ಮುಗಿದವು ಎಂದುಕೊಂಡೇ ಎಕ್ಸ್‌ರೇಗೆ ಹೋದೆ. ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರು.

"ಕೂರಿಸಿದ ಮೂಳೆ ಯಾವುದು, ಮೊದಲಿನದು ಯಾವುದು ಅಂತ ಗುರುತೇ ಸಿಗ್ತಿಲ್ಲ ನೋಡಿ. ಕೀಲು ಸ್ವಲ್ಪ ಸವೆದಿದೆ, ಗುಂಡು ಗುಂಡಾಗೇ ಇದೆ. ಈ ನೋವು ಬೆನ್ನಿಂದು."

ಅಷ್ಟು ಹೇಳಿ ಮುಂದಿನವರನ್ನು ಕರೆದರು.

ಹೊರಗಿನ ಬೆಂಚಿನ ಮೇಲೆ ಜಯಮ್ಮನವರು ಕೂತಿದ್ದರು, ತಪಾಸಣೆಗೆಂದು ಬಂದಿದ್ದರು. ನನ್ನದು ಉಳಿದಿದೆ ಎಂದು ಅವರಿಗೆ ಹೇಳಲು ನಾಚಿಕೆಯಾಯಿತು. ಹೇಗೋ ಹೇಳಿದೆ. ಅವರು ನಕ್ಕರು.

"ಅದಕ್ಯಾಕೆ ತಲೆ ತಗ್ಗಿಸ್ತೀಯ? ನಂಜುಂಡಪ್ಪ ನಿಂಗೆ ಮೂಳೇಲಿ ಕೊಟ್ಟ, ನಂಗೆ ಸ್ಟೀಲಲ್ಲಿ ಕೊಟ್ಟ. ಇಬ್ರೂ ಓಡಾಡ್ತಾ ಇಲ್ವಾ? ನಾನು ಸೋಮವಾರ ತಪ್ಪಿಸಿಲ್ಲ ಕಣಮ್ಮ. ನೀನ್ಯಾಕೆ ಬುಟ್ಬುಟ್ಟೆ?"

ಅವರೊಂದಿಗೆ ನಾನೂ ಬರುತ್ತೇನೆ ಎಂದೆ.

ಮುಂದಿನ ಸೋಮವಾರ ಇಬ್ಬರೂ ಜೊತೆಗೆ ಹೋದೆವು. ಕಪಿಲೆಯಲ್ಲಿ ಕಾಲು ತೊಳೆದು ಮೆಟ್ಟಿಲು ಹತ್ತುವಾಗ ಜಯಮ್ಮನವರೇ ಮುಂದಿದ್ದರು. ಎಕ್ಸ್‌ರೇ ನೋಡಿದಾಗ ಬಾರದ ಕಣ್ಣೀರು ಅವರ ನಡಿಗೆ ನೋಡಿ ಬಂತು. ಭಕ್ತ ಬಂಧುಗಳೇ, ಯಾರಿಗೆ ಯಾವ ದಾರಿಯಲ್ಲಿ ಕೊಡುತ್ತಾನೋ ನನಗೆ ತಿಳಿಯದು. ಕೊಡುತ್ತಾನೆ ಎಂಬುದರಲ್ಲಿ ಈಗ ಸಂಶಯವಿಲ್ಲ. ನಂಜುಂಡನಿಗೆ ಶರಣು.